ಒಂದು ಮೊರ ತವುಡಿನ ಫುಟ್‌ಬಾಲ್ ಆಟಗಾರ

ಬಿನ್ನವತ್ತಳೆ ಬರೆಯುವುದೆಂದರೆ ನನಗೆ ಮೈ ಉರಿಯುತ್ತಿತ್ತು. ಮೂವತ್ತರ ದಶಕದಲ್ಲಿ ನಮ್ಮ ಕಡೆ ಯಾರಿಗೆ ಹಾರ ಹಾಕಬೇಕಾದರೂ ಮೊದಲು ಒಂದು ಬಿನ್ನವತ್ತಳೆ ಆಗಬೇಕು. ಅಮಲ್ದಾರರಿಗೆ ವರ್ಗವಾದರೆ ಬಿನ್ನವತ್ತಳೆ, ಸಾಹುಕಾರರು ಛತ್ರ ಕಟ್ಟಿಸಿದರೆ ಬಿನ್ನವತ್ತಳೆ. ದಪ್ಪ ಕಾಗದದ ಮೇಲೆ ಹೊಗಳಿಕೆ ಬರೆದು, ಸುತ್ತ ಹೂಬಳ್ಳಿ ಬಿಡಿಸಿ, ಸಭೆಯಲ್ಲಿ ಓದಿ, ಕಟ್ಟು ಹಾಕಿಸಿ ಕೈಗೆ ಕೊಡುವುದು. ಎಲ್ಲರೂ ಸತ್ಕುಲಪ್ರಸೂತರು, ಎಲ್ಲರೂ ಗುಣಸಾಗರರು. ಹೆಸರೊಂದನ್ನು ಬದಲಾಯಿಸಿದರೆ ಅಮಲ್ದಾರರದನ್ನೇ ಸಾಹುಕಾರರಿಗೂ ಓದಬಹುದು. ನನ್ನ ಅಕ್ಷರ ದುಂಡಗಿದ್ದದ್ದೇ ತಪ್ಪಾಗಿ, ಮಳವಳ್ಳಿಯ ಹೆಣ್ಣುಮಕ್ಕಳ ಸ್ಕೂಲಿಗೆ ಉಪಾಧ್ಯಾಯಿನಿಯಾಗಿ ಸೇರಿದ ವರ್ಷವೇ ಈ ಕೆಲಸವನ್ನು ನನ್ನ ತಲೆಗೆ ಕಟ್ಟಿದರು.

ಇಲ್ಲಿ ನಾನು ಯಾರ ಹೆಸರನ್ನೂ ಬರೆಯುತ್ತಿಲ್ಲ. ಒಂದು ಹೆಸರಿಗಾಗಿ ಅಷ್ಟು ರಂಪ ಮಾಡಿದವಳು ಈಗ ಹೆಸರೇ ಇಲ್ಲದೆ ಬರೆಯುತ್ತೀಯಲ್ಲ ಎಂದು ಮನೆಯಲ್ಲಿ ನಗುತ್ತಾರೆ. ನಗಲಿ. ಈ ಕತೆಯಲ್ಲಿ ಬರುವವರ ಮೊಮ್ಮಕ್ಕಳು ಇವತ್ತಿಗೂ ಮಂಡ್ಯದ ಪೇಟೆಯಲ್ಲಿ ಸಿಕ್ಕಿದರೆ ನಮಸ್ಕಾರ ಹೇಳುತ್ತಾರೆ. ಆ ನಮಸ್ಕಾರ ನನಗೆ ಬೇಕು.

ಒಂದು ದಿನ ಗಂಡುಮಕ್ಕಳ ಸ್ಕೂಲಿನ ಹೆಡ್‌ಮಾಸ್ತರರು ಛತ್ರಿ ಮಡಿಸಿಕೊಂಡು ನಮ್ಮ ಮನೆಗೆ ಬಂದರು. ತಾಲ್ಲೂಕಿನ ಹುಡುಗನೊಬ್ಬ ಫುಟ್‌ಬಾಲ್ ಆಡಿ ಹೆಸರು ಮಾಡಿದ್ದಾನೆ, ಬೆಂಗಳೂರಿನ ಗಿರಣಿಯ ತಂಡದವನು, ಕಲ್ಕತ್ತೆಗೂ ಹೋಗಿ ಬಂದಿದ್ದಾನೆ, ಅವನಿಗೆ ಸನ್ಮಾನ ಮಾಡಲು ಸಮಿತಿಯಾಗಿದೆ, ತಾವೇ ಅದರ ಅಧ್ಯಕ್ಷರು ಎಂದರು. ಆಮೇಲೆ ದನಿ ತಗ್ಗಿಸಿದರು.

"ಆ ಆಟದ ತಲೆಬುಡ ನಮಗೆ ಯಾರಿಗೂ ಗೊತ್ತಿಲ್ಲ ತಾಯಿ. ನೀವು ಶಿವನಸಮುದ್ರದವರು. ಅವನ ಹೆಸರು, ಮನೆತನ, ಆಟದ ಸಾಧನೆ, ಮೂರನ್ನೂ ಸರಿಯಾಗಿ ಬರೆದುಕೊಡಿ. ಕ್ರಿಕೆಟ್ಟಿಗೂ ಇದಕ್ಕೂ ಗೊಂದಲ ಆಗಬಾರದು, ಮರ್ಯಾದೆ ಹೋಗುತ್ತೆ."

ನನಗೆ ಒಳಗೊಳಗೇ ಖುಷಿಯಾಯಿತು. ನಮ್ಮ ತಂದೆ ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸದಲ್ಲಿದ್ದರು. ಕ್ವಾರ್ಟರ್ಸಿನ ಎದುರಿಗೇ ಬಯಲು. ಸಂಜೆಯಾದರೆ ದೊರೆಗಳು, ಗುಮಾಸ್ತರು, ಫಿಟ್ಟರುಗಳು ಎಲ್ಲ ಸೇರಿ ಅಲ್ಲಿ ಚೆಂಡು ಒದೆಯುತ್ತಿದ್ದರು. ನಾನು ಕಾಂಪೌಂಡ್ ಗೋಡೆ ಹತ್ತಿ ಕೂರುತ್ತಿದ್ದೆ. ನಮ್ಮಜ್ಜಿ ಕೆಳಗೆ ನಿಂತು, ಮದುವೆಯಾಗಬೇಕಾದ ಹುಡುಗಿ ಹೀಗೆ ಗೋಡೆ ಮೇಲೆ ಕೂತರೆ ಯಾವ ಪುಣ್ಯಾತ್ಮ ಬರುತ್ತಾನೆ ಎಂದು ಗೊಣಗುತ್ತಿದ್ದರು. ಅಜ್ಜಿ ಗೊಣಗಿದ್ದು ಗೊಣಗಿದ್ದೇ, ನಾನು ಕೂತದ್ದು ಕೂತದ್ದೇ. ಆಫ್‌ಸೈಡ್ ಅಂದರೆ ಏನೆಂದು ನನಗೆ ಮಗ್ಗಿಗಿಂತ ಮೊದಲು ಬಂದಿತ್ತು.

ಆ ಆಟಗಾರನೂ ನನಗೆ ಅಲ್ಲಿಂದಲೇ ಗೊತ್ತು. ನನಗಿಂತ ಮೂರ್ನಾಲ್ಕು ವರ್ಷ ಚಿಕ್ಕವನು, ಪಕ್ಕದ ಹಳ್ಳಿಯವನು. ಬಯಲಿನ ಅಂಚಿನಲ್ಲಿ ಪವರ್ ಹೌಸಿಗೆ ನೀರು ಒಯ್ಯುವ ನಾಲೆ ಇತ್ತು. ಚೆಂಡು ಅದಕ್ಕೆ ಬಿದ್ದರೆ ಯಾರೂ ಇಳಿಯುವಂತಿಲ್ಲ, ಅಷ್ಟು ರಭಸ. ಇವನು ದಡದ ಮೇಲೆ ಚೆಂಡಿನ ಜೊತೆಗೇ ಓಡಿ, ಅದಕ್ಕಿಂತ ಮುಂದೆ ಹೋಗಿ, ನೀರಿನ ಮೇಲೆ ಬಾಗಿದ್ದ ಹೊಂಗೆ ಕೊಂಬೆಯ ಮೇಲೆ ಬೋರಲು ಮಲಗಿ ಎತ್ತಿಕೊಳ್ಳುತ್ತಿದ್ದ. ಅವನ ಓಟ ಹುಟ್ಟಿದ್ದು ಆ ದಡದ ಮೇಲೆ. ಒಂದು ದಿನ ಆಡಲು ಒಬ್ಬ ಕಡಿಮೆಯಾಗಿ ದೊರೆ ಅವನನ್ನು ಎಡತುದಿಗೆ ನಿಲ್ಲಿಸಿದ. ಆಮೇಲೆ ಆ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ.

ಇನ್ನು ಅವನ ಹೆಸರು. ಅದನ್ನು ಹೇಳಬೇಕಾದರೆ ತವುಡಿನಿಂದ ಶುರು ಮಾಡಬೇಕು. ಅವನಿಗಿಂತ ಮೊದಲು ಹುಟ್ಟಿದ ಮಕ್ಕಳು ಒಂದೂ ಉಳಿದಿರಲಿಲ್ಲ. ಹಾಗಾದಾಗ ನಮ್ಮ ಸೀಮೆಯಲ್ಲಿ ಒಂದು ಪದ್ಧತಿಯುಂಟು. ಹುಟ್ಟಿದ ಕೂಸನ್ನು ಹೆತ್ತವರು ಬೇರೆಯವರಿಗೆ ಮಾರಿಬಿಡುತ್ತಾರೆ, ಅದೂ ಒಂದು ಮೊರ ತವುಡಿಗೆ. ಸಾವು ಮತ್ತೆ ಬಂದು ಆ ಮನೆಯಲ್ಲಿ ಹುಡುಕಿದರೆ ಆ ಮನೆಯ ಮಗು ಸಿಗುವುದಿಲ್ಲ, ಅಲ್ಲಿರುವುದು ಯಾರದೋ ತವುಡಿನ ಕೂಸು. ಮಗುವಿಗೆ ಹೆಸರನ್ನೂ ತವುಡಿನ ಮೇಲೇ ಇಡುತ್ತಾರೆ. ಕೂಸು ಬೆಳೆಯುವುದೇನೋ ಹೆತ್ತವಳ ಹತ್ತಿರವೇ, ಆದರೆ ಮಾತಿಗೆ ಅದು ಕೊಂಡವಳದು. ಗಟ್ಟಿಯಾಯಿತು ಎನಿಸಿದ ಮೇಲೆ, ತಡವೆಂದರೆ ಮದುವೆಗೆ ಮುಂಚೆ, ಹೆತ್ತವರು ಅಷ್ಟೇ ತವುಡನ್ನೂ ಒಂದು ಸೀರೆಯನ್ನೂ ಕೊಟ್ಟು ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳದೆ ಮದುವೆ ಮಾಡಿದರೆ ಆ ಮಗುವಿಗೆ ಆಗಿಬರುವುದಿಲ್ಲ ಎಂದು ನಂಬಿಕೆ.

ಇವನನ್ನು ಕೊಂಡವಳು ಊರಿನ ಸೂಲಗಿತ್ತಿ. ಊರಾಚೆಯ ಕೇರಿಯವಳು. ಹೆರಿಗೆಯ ನೋವು ಬಂದಾಗ ಓಡಿಹೋಗಿ ಅವಳನ್ನು ಕರೆತರುತ್ತಿದ್ದ ಮನೆಗಳವರು, ಪುಣ್ಯಾಹವಾದ ಮೇಲೆ ಅವಳನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಕೂಸು ಉಳಿಯಿತು, ಹೆತ್ತವರು ಉಳಿಯಲಿಲ್ಲ. ಜ್ವರ ಬಂದ ವರ್ಷ ಇಬ್ಬರೂ ಹೋದರು. ದೊಡ್ಡಪ್ಪ ಹೊಲ ನೋಡಿಕೊಂಡರು, ಕೂಸನ್ನು ನೋಡಿಕೊಳ್ಳಲು ಅವರಿಗೆ ಪುರುಸೊತ್ತಾಗಲಿಲ್ಲ. ತವುಡು ಕೊಟ್ಟವಳೇ ಬಂದು ಎತ್ತಿಕೊಂಡು ಹೋದಳು. ಮಾತಿಗೆ ತಾಯಿಯಾಗಿದ್ದವಳು ದಿನಾ ಮುದ್ದೆ ತೊಳಸಿ ಹಾಕುವ ತಾಯಿಯಾದಳು. ಬಿಡಿಸಿಕೊಳ್ಳಬೇಕು ಎಂಬುದು ದೊಡ್ಡಪ್ಪನವರಿಗೆ ಮರೆತೇ ಹೋಯಿತು.

ಹುಡುಗ ದೊಡ್ಡವನಾದ. ಪವರ್ ಹೌಸಿನ ದೊರೆಯೊಬ್ಬ ಬೆಂಗಳೂರಿನ ಗಿರಣಿಗೆ ಶಿಫಾರಸು ಮಾಡಿದ. ಹಾಜರಿ ನೇಯ್ಗೆ ಖಾತೆಯಲ್ಲಿ, ಕೆಲಸ ಬಯಲಿನಲ್ಲಿ. ಚೆಂಡು ಒದ್ದರೆ ಸಂಬಳ ಕೊಡುತ್ತಾರೆ ಎಂಬ ಸುದ್ದಿ ನಮ್ಮೂರಿಗೆ ಬಂದಾಗ ಯಾರೂ ನಂಬಲಿಲ್ಲ. ಹಾಗಾದರೆ ನಮ್ಮ ಎತ್ತಿಗೂ ಒಂದು ಕೆಲಸ ಕೊಡಿಸಪ್ಪ, ಅದು ಚೆನ್ನಾಗಿ ಒದೆಯುತ್ತೆ ಎಂದು ಸಂತೆಯಲ್ಲಿ ಯಾರೋ ಕೇಳಿದರಂತೆ. ಆಮೇಲೆ ಕಲ್ಕತ್ತೆಯವರು ಬಂದು ಹೆಚ್ಚು ಕೊಡುತ್ತೇವೆಂದು ಕರೆದುಕೊಂಡು ಹೋದರು. ಹೆಸರು ಪತ್ರಿಕೆಯಲ್ಲಿ ಬಂತು. ಬಂದದ್ದೇ ತಡ, ಅವನು ಎಲ್ಲರಿಗೂ ಬೇಕಾದವನಾದ. ಅವನ ಹೆತ್ತ ತಾಯಿಯ ತೌರು ಮದ್ದೂರಿನ ಹತ್ತಿರ, ಹಾಗಾಗಿ ಮದ್ದೂರಿನವರು ರೈಲ್ವೆ ಸ್ಟೇಷನ್ನಿನಲ್ಲೇ ಹಾರ ಹಾಕಿ ನಮ್ಮೂರ ಮೊಮ್ಮಗ ಎಂದರು. ಮಂಡ್ಯದ ಲಾಯರೊಬ್ಬರು ಮಗಳನ್ನೇ ಕೊಡುತ್ತೇವೆಂದರು. ಅವರು ಅವನ ಜಾತಿಯವರೇ, ಹೊಸ ಕಬ್ಬಿನ ದುಡ್ಡಿನಲ್ಲಿ ಮೇಲೆ ಬಂದವರು.

ಸನ್ಮಾನಕ್ಕೆ ಮುಂಚೆ ಅವನು ನಮ್ಮ ಮನೆಗೆ ಬಂದ. ನಾನು ಹೆಡ್‌ಮಾಸ್ತರರು ಕೊಟ್ಟ ಸಂಗತಿಗಳನ್ನು ಓದಿ ಹೇಳಿದೆ. ಏಕಾಂಗಿಯಾಗಿ ಬಿಳಿ ಸೋಲ್ಜರುಗಳ ತಂಡವನ್ನು ಸೋಲಿಸಿದ ವೀರ, ಒಂದೇ ಒದೆಗೆ ಗೋಲಿನ ಕಂಬ ಮುರಿದ ಭೀಮಬಲ, ಹೀಗೆ.

"ಆ ಕಂಬಕ್ಕೆ ಗೆದ್ಲು ಇಡ್ದಿತ್ತು ಅಕ್ಕಾವ್ರೇ," ಎಂದ. "ಯಾರಾದ್ರೂ ಒರಗಿಕೊಂಡಿದ್ರೂ ಮುರೀತಿತ್ತು. ಸೋಲ್ಜರ್ ಟೀಮಿನ ಮೇಲೆ ಗೋಲು ನಂದಲ್ಲ. ನಾನು ಮೂಲೆಯಿಂದ ಚೆಂಡು ಕೊಟ್ಟೆ, ಒಡದೋನು ಬೇರೆಯೋನು. ಅವನ ಗೋಲ ನಂಗೆ ಬರದ್ರೆ ಅವನ ಮಕ ನೋಡೋದೆಂಗೆ?"

"ಸರಿ. ಕಲ್ಕತ್ತೆ?"

"ಎರಡು ಮಳೆಗಾಲ ಆಡಿ ತಿರ್ಗ ಗಿರಣಿಗೇ ಬಂದೆ. ಎರಡನೇದ್ರಲ್ಲಿ ಮಂಡಿ ಉಳುಕಿ ಮುಕ್ಕಾಲು ಪಾಲು ಕುಂತೇ ಇದ್ದೆ. ಅದ್ನೂ ಬರೀರಿ."

"ಬಿನ್ನವತ್ತಳೆಯಲ್ಲಿ ಯಾರಾದರೂ ಮಂಡಿನೋವು ಬರೆಯುತ್ತಾರೇನೋ?"

"ಬರೀಲಿ ಬುಡಿ. ನಿಜ್ವಲ್ವಾ."

ನಾನು ನಕ್ಕು ಬರೆದುಕೊಂಡೆ. ನನಗೂ ಅದೇ ಬೇಕಾಗಿತ್ತು. ಹೆಸರಿನ ಜಾಗಕ್ಕೆ ಬಂದಾಗ ತವುಡಿನ ಹೆಸರನ್ನೇ ಬರೆಯಿರಿ ಎಂದ. ಗಿರಣಿಯವರು ಅದನ್ನು ತುಂಡು ಮಾಡಿ ಮುಂದೊಂದು ಇಂಗ್ಲಿಷ್ ಅಕ್ಷರ ಸೇರಿಸಿದ್ದರು, ದೊಡ್ಡಪ್ಪ ಲಗ್ನಪತ್ರಿಕೆಗೆಂದು ದೇವರ ಹೆಸರೊಂದನ್ನು ಆರಿಸಿಟ್ಟಿದ್ದರು. ಎರಡೂ ಬೇಡವೆಂದ. ಆಮೇಲೆ ಬಂದದ್ದು "ಇಂಥವರ ಸುಪುತ್ರ" ಎಂಬ ಸಾಲು. ಅವನು ಆ ಸಾಲಿನ ಮೇಲೆ ಬೆರಳಿಟ್ಟ.

"ಅದೊಂದ ಖಾಲಿ ಬುಡಿ ಅಕ್ಕಾವ್ರೇ. ಅವ್ವ ಮದ್ವೆಗೆ ಒಪ್ಕೊ ಅಂತವ್ಳೆ. ಬುಡಿಸ್ಕಂಡು ಓಗ್ಲಿ ಅಂತ ದೊಡ್ಡಪ್ಪನ್ ಮನೆಗೆ ಅವಳೇ ಓಗಿ ಏಳವ್ಳೆ. ನಂಗೇನೂ ತೋಚ್ತಾ ಇಲ್ಲ."

ಇದು ನನಗೆ ಹೊಸ ಸುದ್ದಿ. ಮಾರನೆಯ ದಿನ ದೊಡ್ಡಪ್ಪನವರೇ ಬಂದಾಗ ಪೂರ್ತಿ ಗೊತ್ತಾಯಿತು. ಜರಿ ರುಮಾಲು ಸುತ್ತಿ, ನಮ್ಮ ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದರು.

"ಗೌಡ್ರ ಮನೆ ಮಗ ಅಂತ ದಪ್ಪಕ್ಸರದಲ್ಲಿ ಬರ್ಕೊಡಿ ಅಮ್ಮಾವ್ರೇ. ಲಾಯರ್ರು ಮುಂದ್ಗಡೆನೇ ಕುಂತ್ಕತಾರೆ."

"ತವುಡಿನ ಸಂಗತಿ ಏನಾಯಿತು ಗೌಡರೇ?"

"ಸಭೆಗೆ ಮುಂಚೆ ಮುಗಿಸ್ಬುಡ್ತೀವಿ. ಊರ ಯಜಮಾನ್ರು ನಾಕ್ ಜನ ಇರ್ತಾರಲ್ಲ, ಸಾಕ್ಷಿಗಾಯ್ತದೆ."

"ಆಮೇಲೆ?"

"ಆಮೇಲೇನು, ಆ ಕೇರಿಗೂ ಅವನಿಗೂ ಏನ್ ಕೆಲ್ಸ? ಲಾಯರ್ರು ಮಾತ್ ತಕ್ಕಂಡವ್ರೆ. ಇವ್ನು ಅವ್ಳ ಅವ್ವ ಅನ್ನಂಗಿಲ್ಲ, ಅವ್ಳು ಇವ್ನ ಮಗ ಅನ್ನಂಗಿಲ್ಲ. ಬುಡಿಸ್ಕಂಡ ಮ್ಯಾಲೆ ಅಷ್ಟೆಯ."

ನನಗೆ ಬಂದ ಕೋಪಕ್ಕೆ ಆ ಮಜ್ಜಿಗೆಯ ಲೋಟವನ್ನು ಕೈಯಿಂದ ಕಿತ್ತುಕೊಳ್ಳಬೇಕು ಎನಿಸಿತು. ಖಾಲಿಯಾಗಿತ್ತು, ಅದಕ್ಕೇ ಬಿಟ್ಟೆ.

ಆ ವಾರ ಸೂಲಗಿತ್ತಿ ಮಳವಳ್ಳಿ ಸಂತೆಗೆ ಬಂದಿದ್ದಾಗ ನಮ್ಮ ಹಿತ್ತಿಲಿಗೆ ಕರೆಸಿದೆ. ನನ್ನನ್ನು ಹೆರಿಸಿದವಳೂ ಅವಳೇ. ಒಳಗೆ ಬಾ ಎಂದರೆ ಬರಲಿಲ್ಲ, ಒಗೆಯುವ ಕಲ್ಲಿನ ಮೇಲೆ ಕೂತಳು. ನಿನಗೇನು ಬುದ್ಧಿ ಕೆಟ್ಟಿದೆಯಾ, ಸಾಕಿದ ಮಗನನ್ನು ನೀನಾಗಿ ಹೋಗಿ ಯಾರಾದರೂ ಬಿಟ್ಟುಕೊಡುತ್ತಾರಾ ಎಂದು ಚೆನ್ನಾಗಿ ಬೈದೆ. ಅವಳು ಎಲೆಅಡಿಕೆ ಮೆಲ್ಲುತ್ತ ಕೇಳಿಸಿಕೊಂಡಳು.

"ಬಯ್ಯಿ ತಾಯಿ. ನಾನೂ ನನ್ನ ಬಯ್ಕಂಡೀವ್ನಿ," ಎಂದಳು. "ಆದ್ರೆ ಬುಡಿಸ್ಕಳ್ದೆ ಮದ್ವೆ ಆದ್ರೆ ಕೂಸಿಗೆ ಆಗ್ಬರಾಕಿಲ್ಲ ಕಣಮ್ಮ. ಅವ್ನು ಉಳೀಲಿ ಅಂತ ತಾನೆ ಕೊಂಡ್ಕಂಡಿದ್ದು. ಉಳೀಲಿ ಅಂತ್ಲೇ ಕೊಟ್ಬುಡ್ತೀನಿ."

"ನಿನ್ನ ಕಂಡರೂ ಮಾತಾಡಿಸುವ ಹಾಗಿಲ್ಲವಂತೆ."

"ಬೆಂಗ್ಳೂರಾಗೆ ಚೆನ್ನಾಗವ್ನೆ ಅಂತ ಯಾರಾದ್ರೂ ಏಳ್ತಾರೆ ಬುಡು." ಅಷ್ಟು ಹೇಳಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅವತ್ತು ಕೂತು ಬಿನ್ನವತ್ತಳೆ ಮುಗಿಸಿದೆ. ತವುಡಿನ ಹೆಸರು, ಮೂಲೆಯಿಂದ ಕೊಟ್ಟ ಚೆಂಡು, ಉಳುಕಿದ ಮಂಡಿ, ಎಲ್ಲ ಬರೆದೆ. "ಇವರ ಸುಪುತ್ರ" ಎಂಬುದರ ಹಿಂದೆ ನಾಲ್ಕು ಬೆರಳು ಜಾಗ ಬಿಟ್ಟೆ.

ಸಭೆ ಗಂಡುಮಕ್ಕಳ ಸ್ಕೂಲಿನ ಅಂಗಳದಲ್ಲಿ, ಮಧ್ಯಾಹ್ನದ ಮೇಲೆ. ಮಾವಿನ ತೋರಣ ಕಟ್ಟಿದ್ದರು. ಲಾಯರು ಮಂಡ್ಯದಿಂದ ಕರಿ ಕೋಟಿನಲ್ಲಿ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಸಭೆ ಶುರುವಾಗುವ ಮುಂಚೆ ಜಗಲಿಯ ಕೆಳಗೆ ಯಜಮಾನರು ಗುಂಪಾಗಿ ನಿಂತರು. ದೊಡ್ಡಪ್ಪ ಹೊಸ ಮೊರದಲ್ಲಿ ತವುಡು ತುಂಬಿ, ಮೇಲೆ ಹಸುರು ಸೀರೆಯೊಂದನ್ನು ಇಟ್ಟು, ಸೂಲಗಿತ್ತಿಯ ಮುಂದೆ ಹಿಡಿದರು. ಅವಳು ಎರಡೂ ಕೈ ಚಾಚಿ ಇಸಿದುಕೊಂಡಳು. ಮೊರ ವಾಲಿ ಸ್ವಲ್ಪ ತವುಡು ನೆಲಕ್ಕೆ ಚೆಲ್ಲಿತು.

"ತಕ್ಕಳಿ ನಿಮ್ ಕೂಸ," ಎಂದಳು. "ಕಣ್ತುಂಬ ನೋಡ್ಕಳಿ. ಎಡ್ಗಾಲ್ ಮಂಡಿ ನೋಯ್ತದೆ ಅವುನ್ಗೆ, ಅರಳೆಣ್ಣೆ ಅಚ್ಚಿ."

ಯಜಮಾನರು ಆಯಿತು ಎಂದು ತಲೆಯಾಡಿಸಿದರು. ದೊಡ್ಡಪ್ಪ ರುಮಾಲು ಸರಿಮಾಡಿಕೊಂಡು ಅವನ ಹೆಗಲ ಮೇಲೆ ಕೈ ಹಾಕಿ ಜಗಲಿಯ ಕಡೆ ತಿರುಗಿಸಿದರು. ಅವನು ತಿರುಗಲಿಲ್ಲ.

"ದೊಡ್ಡಪ್ಪ, ಅಳೇ ಯಾಪಾರ ತೀರ್ತಾ?" ಎಂದು ಕೇಳಿದ.

"ತೀರ್ತು ಕಣ್ಲಾ. ನಡಿ."

"ಇನ್ ಮ್ಯಾಲೆ ನನ್ ಮ್ಯಾಲೆ ಅವ್ವುಂದು ಏನೂ ಇಲ್ಲ?"

"ಏನೂ ಇಲ್ಲ. ನಾಕ್ ಜನ ನೋಡವ್ರೆ."

"ಅಂಗಾರೆ ಇನ್ ನನ್ ಮಾರೋರು ಯಾರು? ಅಪ್ಪನೂ ಇಲ್ಲ, ಎತ್ತೋಳೂ ಇಲ್ಲ. ಗಿರಣಿಯೋರು ಕೊಂಡ್ಕಂಡಾಗ ನಾನೇ ರುಜು ಆಕ್ದೆ. ಕಲ್ಕತ್ತೆಯೋರು ಕೊಂಡ್ಕಂಡಾಗ್ಲೂ ನಾನೇ ಆಕ್ದೆ. ನನ್ ಮಾರ್ಕಳೋದು ನಂಗೆ ಗೊತ್ತೈತೆ ದೊಡ್ಡಪ್ಪ, ಅದೇ ನನ್ ಕಸುಬು." ಹೀಗೆಂದವನೇ ಹಾರ ಹಾಕಿಸಿಕೊಳ್ಳಲು ತೊಟ್ಟಿದ್ದ ಹೊಸ ಕೋಟನ್ನು ಬಿಚ್ಚಿ ನೆಲದ ಮೇಲೆ ಹರಡಿ, ಅವಳ ಮುಂದೆ ಮಂಡಿ ಊರಿ ಕೂತ. ಎಡಮಂಡಿ ಊರುವಾಗ ಮುಖ ಕಿವುಚಿದ್ದು ನನಗೆ ಕಾಣಿಸಿತು.

"ಅವ್ವ, ಆ ತವುಡ ಇಲ್ ಸುರಿ. ಸೀರೆ ನೀನೇ ಮಡಿಕ್ಕೊ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಮೊರ ಹಿಡಿದುಕೊಂಡು ನಿಂತೇ ಇದ್ದಳು. ಅರ್ಥವಾದ ಮೇಲೆ ಹೆದರಿದಳು.

"ಏನ್ಲಾ ನೀನು, ಮದ್ವೆ ಅದೆ. ನಿಂಗೆ ಆಗ್ಬರಾಕಿಲ್ಲ."

"ಅಳೇ ಯಾಪಾರ ತೀರ್ತಲ್ಲವ್ವ, ಇವ್ರೇ ಅಂದ್ರು. ಇದು ಒಸಾದು. ಇದ್ರಲ್ಲಿ ಬುಡಿಸ್ಕಳೋ ಮಾತಿಲ್ಲ. ಆಗ್ಬರೋದು ಬರ್ದೇ ಇರೋದು ಬುಡಿಸ್ಕಳೋ ಕೂಸಿಗೆ, ನಂಗಲ್ಲ."

ಯಜಮಾನರು ಒಬ್ಬರ ಮುಖ ಒಬ್ಬರು ನೋಡಿದರು. ಪದ್ಧತಿಯಲ್ಲಿ ಹೀಗೆ ಮಾಡಬಾರದು ಎಂದು ಎಲ್ಲಿಯೂ ಇರಲಿಲ್ಲ, ಹಿಂದೆ ಯಾರೂ ಮಾಡಿರಲಿಲ್ಲ ಅಷ್ಟೆ. ಹೆಡ್‌ಮಾಸ್ತರರು ದಾರಿ ಕಾಣದೆ ಲಾಯರನ್ನು ಕೇಳಿದರು. ಲಾಯರು ಕನ್ನಡಕ ತೆಗೆದು ಒರೆಸಿ, ವಯಸ್ಸಿಗೆ ಬಂದ ಮನುಷ್ಯ ತನ್ನನ್ನು ತಾನೇ ತವುಡಿಗೆ ಮಾರಿಕೊಳ್ಳುವುದಕ್ಕೆ ಮೈಸೂರು ಸೀಮೆಯ ಕಾಯಿದೆಯಲ್ಲಿ ಯಾವ ಅವಕಾಶವೂ ಇಲ್ಲವೆಂದು ಗಂಭೀರವಾಗಿ ಹೇಳಿದರು. ಹಾಗಾದರೆ ಗೌಡರು ಈಗ ಬಿಡಿಸಿಕೊಂಡದ್ದಕ್ಕೆ ಅವಕಾಶವಿದೆಯೇ ಸ್ವಾಮಿ ಎಂದು ನಾನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಛತ್ರಿ ತೆಗೆದುಕೊಂಡು, ಮಂಡ್ಯದ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು. ಆ ಸಂಬಂಧ ಅಲ್ಲಿಗೆ ಮುಗಿಯಿತು. ಆ ಹುಡುಗಿಗೆ ಮುಂದೆ ಒಳ್ಳೆಯ ಡಾಕ್ಟರು ಸಿಕ್ಕಿದ, ಯಾರಿಗೂ ನಷ್ಟವಾಗಲಿಲ್ಲ.

ಅಷ್ಟರಲ್ಲಿ ಅವಳು ಮೊರ ಬಗ್ಗಿಸಿದ್ದಳು. ತವುಡು ಕೋಟಿನ ಮೇಲೆ ಸುರಿಯಿತು. ಮೊರದ ಬೆನ್ನು ತಟ್ಟಿ, ಅಂಟಿಕೊಂಡಿದ್ದ ಪುಡಿಯನ್ನೂ ಬಿಡದೆ ಕೊಡವಿದಳು. ಆಮೇಲೆ ಎಲ್ಲರ ಮುಂದೆ ಅವನ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಅಳತೊಡಗಿದಳು. ನಾನೂ ಅತ್ತೆ. ನಾನು ಅತ್ತದ್ದನ್ನು ನೋಡಿ ನನ್ನ ಸ್ಕೂಲಿನ ಹುಡುಗಿಯರು ಕಿಸಕ್ಕನೆ ನಕ್ಕರು. ಅವನು ಕೋಟಿನ ಸಮೇತ ತವುಡನ್ನು ಗಂಟು ಕಟ್ಟಿ ದೊಡ್ಡಪ್ಪನ ಕೈಗೆ ಕೊಟ್ಟ.

"ನಿಮ್ ಮನೇದೇ ದೊಡ್ಡಪ್ಪ. ಅಸುಗೆ ಆಕಿ. ಕೋಟು ಬೆಂಗ್ಳೂರಿಗೆ ಕಳ್ಸಿ, ಗಿರಣಿಯೋರ್ದು ಅದು."

ಸಭೆ ತಡವಾಗಿ ಶುರುವಾಯಿತು. ಅವನು ಬರಿಯ ಅಂಗಿಯಲ್ಲಿ, ತೋಳಿನ ತುಂಬ ತವುಡಿನ ಪುಡಿಯಲ್ಲಿ, ಕುರ್ಚಿಯ ಮೇಲೆ ಕೂತ. ಅವಳು ಅಂಗಳದ ಕೊನೆಯಲ್ಲಿ, ಹೆಂಗಸರಿಂದಲೂ ಸ್ವಲ್ಪ ಆಚೆ, ಬರಿದಾದ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ನಾನು ಹೆಡ್‌ಮಾಸ್ತರರ ಪೆನ್ನು ಇಸಿದುಕೊಂಡು ಬಿಟ್ಟ ಜಾಗವನ್ನು ತುಂಬಿದೆ. ಏನು ಬರೆಯುತ್ತಿದ್ದೀರಿ ತಾಯಿ ಎಂದು ಅವರು ಬಗ್ಗಿ ನೋಡಿದರು. ಮೂರೂ ಸರಿಯಾಗಿರಬೇಕು ಎಂದು ನೀವೇ ಅಂದಿರಲ್ಲ ಎಂದೆ. ಅವರು ಒಂದು ಕ್ಷಣ ಯೋಚಿಸಿ, ಮಸಿ ಒಣಗಲಿ ಎಂದು ಮಾತ್ರ ಹೇಳಿದರು.

ಓದಿದೆ. ಹೆಸರು ಓದಿದೆ. ಊರು ಓದಿದೆ. ಆಮೇಲೆ ಇಂಥವಳ ಸುಪುತ್ರ ಎಂದು ಅವಳ ಹೆಸರನ್ನು, ಎಷ್ಟು ಗಂಟಲಿದೆಯೋ ಅಷ್ಟೂ ಗಂಟಲಿನಲ್ಲಿ ಓದಿದೆ. ಅವಳು ಅತ್ತಿತ್ತ ನೋಡಿದಳು. ಊರಿಗೆ ಊರೇ ಅವಳನ್ನು ಸೂಲಗಿತ್ತಿ ಎಂದೇ ಕರೆಯುತ್ತಿತ್ತು, ಅವಳ ಕೈಯಲ್ಲಿ ಹುಟ್ಟಿದ ನಾವೆಲ್ಲರೂ ಹಾಗೇ ಕರೆಯುತ್ತಿದ್ದೆವು. ಆ ಹೆಸರನ್ನು ನಾನೂ ಜಾಗ ತುಂಬುವ ಮುಂಚೆ ಅವನ ಬಾಯಿಂದಲೇ ಕೇಳಿ ತಿಳಿದದ್ದು. ಅವಳು ಹತ್ತಿರದಲ್ಲಿದ್ದ ಹೆಂಗಸಿನ ಕಡೆ ಬಗ್ಗಿ ಕೇಳಿದ್ದು ಅಷ್ಟು ದೂರಕ್ಕೂ ನನಗೆ ಕೇಳಿಸಿತು.

"ನನ್ನೆಸ್ರು ಅಲ್ವಾ ಅದು?"

ಆ ಹೆಂಗಸಿಗೂ ಗೊತ್ತಿರಲಿಲ್ಲ. ಕುರ್ಚಿಯ ಮೇಲಿದ್ದವನು ನನ್ನ ಕಡೆ ತಿರುಗಿದ.

"ಇನ್ನೊಂದ್ಸಲ ಓದಿ ಅಕ್ಕಾವ್ರೇ," ಎಂದ. "ಅವ್ವುಂಗೆ ಸರಿಯಾಗಿ ಕೇಳಿಸ್ಲಿಲ್ಲ."

ನಾನು ಮೊದಲಿನಿಂದ ಓದಿದೆ.